ಕೆಲಸ ಬಿಟ್ಟ ಮೇಲೆ ಬರುವ ಕಾಯಿಲೆ



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದಾಗ ಸಕ್ಕರೆ ಕಾಯಿಲೆಯೋ ಹೃದಯಾಘಾತವೋ ವಿಷಯವಾಗಬಹುದೆಂದು ಸಭಿಕರು ಎಣಿಸುವುದು ಸಹಜ. ಅವುಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಆರಿಸಿಕೊಂಡಿರುವುದು ದುಡಿಮೆಯಿಂದಲೇ ಬರುವ ಕಾಯಿಲೆಯನ್ನು, ಅದನ್ನು ಹುಡುಕಿ ಲೆಕ್ಕವಿಡುವ ಕೆಲಸವನ್ನು. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಮಿಕರ ಆರೋಗ್ಯದ ಮೇಲೆ ನಿಗಾ ಇಡಬೇಕೆಂಬ ಕಾನೂನು ನಮ್ಮಲ್ಲಿ ಬಹುಕಾಲದಿಂದ ಇದೆ. ಆದರೆ ಆಚರಣೆಯಲ್ಲಿ ಆ ನಿಗಾ ಹಾಜರಿ ಪುಸ್ತಕದಲ್ಲಿ ಹೆಸರಿರುವ ತನಕ ಮಾತ್ರ. ದುಡಿಮೆಯ ದೊಡ್ಡ ಕಾಯಿಲೆಗಳು ಬರುವುದು ಹೆಸರು ಹೊಡೆದು ಹಾಕಿದ ಮೇಲೆ.

ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಕೋಲಾರದ ಚಿನ್ನದ ಗಣಿಯ ಕಥೆ ನಮಗೆಲ್ಲ ಒಂದು ಬಗೆಯಲ್ಲಿ ಗೊತ್ತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದದ್ದು, 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ ಹರಿದದ್ದು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದದ್ದು, ಇವು ನಮ್ಮ ಶಾಲಾ ಪಠ್ಯದ ಹೆಮ್ಮೆಗಳು. ಈಗ ಸಿನಿಮಾದ ದೆಸೆಯಿಂದ ಕೆಜಿಎಫ್ ಎಂಬ ಮೂರಕ್ಷರ ದೇಶಕ್ಕೆಲ್ಲ ಗೊತ್ತಾಗಿದೆ. ಆ ಹೆಮ್ಮೆಯ ನಡುವೆ ದೂಳಿನ ಮಾತು ಬರುವುದಿಲ್ಲ.

ಕೋಲಾರದ ಚಿನ್ನ ಸಿಗುತ್ತಿದ್ದದ್ದು ಬೆಣಚುಕಲ್ಲಿನ ಸಿರೆಗಳಲ್ಲಿ. ಬೆಣಚು ಎಂದರೆ ಸಿಲಿಕಾ. ಅದನ್ನು ಕೊರೆದಾಗ, ಸಿಡಿಸಿದಾಗ, ಅರೆದಾಗ ಏಳುವ ದೂಳಿನಲ್ಲಿ ಕಣ್ಣಿಗೆ ಕಾಣುವ ಭಾಗ ಮೂಗು ಗಂಟಲಲ್ಲೇ ಸಿಕ್ಕಿಕೊಂಡು ಕಫದೊಂದಿಗೆ ಹೊರಬರುತ್ತದೆ. ಅಪಾಯ ಇರುವುದು ಕಣ್ಣಿಗೆ ಕಾಣದ, ಕೆಲವೇ ಮೈಕ್ರಾನ್ ಗಾತ್ರದ ಕಣದಲ್ಲಿ. ಅದು ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲದವರೆಗೆ ಇಳಿಯುತ್ತದೆ. ಅಲ್ಲಿ ಕಾವಲಿರುವ ಜೀವಕೋಶಗಳು ಅದನ್ನು ನುಂಗುತ್ತವೆ. ನುಂಗಿದ್ದನ್ನು ಅರಗಿಸಿಕೊಳ್ಳಲಾಗದೆ ತಾವೇ ಸಾಯುತ್ತವೆ, ಸಾಯುವಾಗ ಸುತ್ತಲಿನ ಅಂಗಾಂಶವನ್ನು ಕೆರಳಿಸುತ್ತವೆ. ಬಿಡುಗಡೆಯಾದ ಕಣವನ್ನು ಮತ್ತೊಂದು ಕೋಶ ನುಂಗುತ್ತದೆ. ಹೀಗೆ ನಡೆಯುತ್ತಾ ನಡೆಯುತ್ತಾ ಶ್ವಾಸಕೋಶದಲ್ಲಿ ಗಂಟುಗಂಟಾಗಿ ಕಲೆ ಕಟ್ಟುತ್ತದೆ. ಇದೇ ಸಿಲಿಕೋಸಿಸ್. ಸಾಮಾನ್ಯವಾಗಿ ಇದು ಕಾಣಿಸಿಕೊಳ್ಳಲು ಹತ್ತು, ಹದಿನೈದು, ಇಪ್ಪತ್ತು ವರ್ಷ ಬೇಕು. ದೂಳು ವಿಪರೀತವಾಗಿದ್ದರೆ ಕೆಲವೇ ವರ್ಷ, ಕೆಲವೊಮ್ಮೆ ತಿಂಗಳುಗಳೂ ಸಾಕು. ಆದ ಕಲೆಯನ್ನು ಅಳಿಸುವ ಔಷಧಿ ಇವತ್ತಿಗೂ ಇಲ್ಲ. ದೂಳಿನ ಕೆಲಸ ಬಿಟ್ಟು ಮನೆಯಲ್ಲಿ ಕೂತವನ ಎದೆಯಲ್ಲೂ ಅದು ಮುಂದುವರಿಯಬಲ್ಲದು. ನನ್ನ ಇಡೀ ವಾದ ನಿಂತಿರುವುದು ಈ ಕೊನೆಯ ಸಂಗತಿಯ ಮೇಲೆ.

ವೈದ್ಯ ವಿದ್ಯಾರ್ಥಿಗಳು ಓದುವ ಸಮುದಾಯ ವೈದ್ಯದ ಪುಸ್ತಕದಲ್ಲಿ ಒಂದು ಸಾಲಿದೆ: ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1947ರಲ್ಲಿ, ಮೈಸೂರು ಸಂಸ್ಥಾನದ ಕೋಲಾರ ಚಿನ್ನದ ಗಣಿಯಿಂದ. 1940ರ ದಶಕದಲ್ಲಿ ಅಲ್ಲಿನ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಎದೆ ಪರೀಕ್ಷೆ ನಡೆಯಿತು. ಪರೀಕ್ಷೆಗೊಳಗಾದವರಲ್ಲಿ ಶೇಕಡ 40ಕ್ಕೂ ಹೆಚ್ಚು ಜನರಲ್ಲಿ ಕಾಯಿಲೆ ಕಂಡಿತು. ವಿದ್ಯಾರ್ಥಿಯಾಗಿದ್ದಾಗ ನಾನೂ ಆ ಸಾಲನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದವನೇ. ಅದನ್ನು ನಿಧಾನವಾಗಿ ಓದಿದರೆ ಬೇರೊಂದು ಪ್ರಶ್ನೆ ಏಳುತ್ತದೆ. ಗಣಿ ಶುರುವಾದದ್ದು 1880ರಲ್ಲಿ. ಈ ಅಂಕಿ ಹೊರಬೀಳುವ ಹೊತ್ತಿಗೆ ಅರವತ್ತಕ್ಕೂ ಹೆಚ್ಚು ವರ್ಷ ಕಳೆದಿತ್ತು. ಅಷ್ಟು ಕಾಲ ಕಾಯಿಲೆ ಇರಲಿಲ್ಲವೇ? ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಇದೇ ಕಾಯಿಲೆಗೆ 1910ರ ದಶಕದ ಆರಂಭದಲ್ಲೇ ಪರಿಹಾರದ ಕಾಯ್ದೆ ಬಂದಿತ್ತು. 1916ರಲ್ಲಿ ಗಣಿಗಾರರ ಎದೆ ಪರೀಕ್ಷೆಗೆಂದೇ ಒಂದು ವೈದ್ಯಕೀಯ ಮಂಡಳಿ ಅಲ್ಲಿ ಕೆಲಸ ಆರಂಭಿಸಿತು. ಬ್ರಿಟಿಷ್ ಬಂಡವಾಳ ಮತ್ತು ಬ್ರಿಟಿಷ್ ಎಂಜಿನಿಯರಿಂಗ್ ಎರಡೂ ಕಡೆ ಇದ್ದವು, ತಿಳಿವಳಿಕೆಯೂ ಇತ್ತು. ಕೋಲಾರದಲ್ಲಿ ತಡವಾದದ್ದು ಕಾಯಿಲೆಯಲ್ಲ, ನೋಡುವ ಕೆಲಸ.

ಇನ್ನೂ ಒಂದು ಮಾತು. ಆ ಶೇಕಡಾವಾರು ಕೂಡ ಆ ಹೊತ್ತಿಗೆ ಕೆಲಸದಲ್ಲಿ ಉಳಿದಿದ್ದವರ ಲೆಕ್ಕ. ದಮ್ಮು ಹೆಚ್ಚಾಗಿ ಅದಕ್ಕೂ ಮೊದಲೇ ಗಣಿ ಬಿಟ್ಟು ಉತ್ತರ ಆರ್ಕಾಟಿನ ತಮ್ಮ ಊರುಗಳಿಗೆ ಹಿಂದಿರುಗಿದವರು ಎಕ್ಸ್‌ರೇ ಯಂತ್ರದ ಮುಂದೆ ನಿಂತವರಲ್ಲ. ಕೆಜಿಎಫ್‌ನ ದುಡಿಮೆಗಾರರಲ್ಲಿ ಬಹುಪಾಲು ಜನ ತಮಿಳು ಸೀಮೆಯಿಂದ ಬಂದ ದಲಿತರು ಎಂಬುದನ್ನು ಇಲ್ಲಿ ನೆನೆಯಬೇಕು. ಹೊರಟುಹೋದವರ ಎದೆಯ ಬಗ್ಗೆ ಯಾರೂ ಕೇಳದಿರಲು ಅದೂ ಒಂದು ಕಾರಣವಾಗಿತ್ತೆಂದೇ ನನ್ನ ಅಭಿಪ್ರಾಯ.

ಈ ಎಣಿಕೆಯ ದೋಷ ಕೋಲಾರಕ್ಕೆ ಸೀಮಿತವಲ್ಲ. ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡೋಣ. ಒಂದು ಕಲ್ಲುಕೋರೆಗೆ ನೂರು ಜನ ಸೇರಿದರು ಎನ್ನಿ. ಹದಿನೈದು ವರ್ಷದಲ್ಲಿ ಮೂವತ್ತು ಜನ ಏದುಸಿರು ತಡೆಯಲಾರದೆ ಬಿಟ್ಟರು. ಉಳಿದ ಎಪ್ಪತ್ತರಲ್ಲಿ ಏಳು ಜನರ ಎಕ್ಸ್‌ರೇಯಲ್ಲಿ ದೋಷ ಕಂಡಿತು. ವರದಿ ಏನು ಹೇಳುತ್ತದೆ? ಶೇಕಡ 10. ನಿಜ ಏನು? ಸೇರಿದ ನೂರರಲ್ಲಿ ಮೂವತ್ತೇಳು. ವರದಿಯಲ್ಲಿ ಒಂದಕ್ಷರ ಸುಳ್ಳಿಲ್ಲ, ಆದರೂ ಅದನ್ನು ನಂಬಿದವರು ಮೋಸ ಹೋಗುತ್ತಾರೆ. ಗಟ್ಟಿಮುಟ್ಟಾದವರು ಮಾತ್ರ ಕೆಲಸದಲ್ಲಿ ಉಳಿಯುವುದರಿಂದ ಕಾರ್ಮಿಕರು ಎಲ್ಲರಿಗಿಂತ ಆರೋಗ್ಯವಂತರು ಎಂಬ ಭ್ರಮೆ ಹುಟ್ಟುತ್ತದೆ. ಅಂಕಿಸಂಖ್ಯೆಯ ಪಂಡಿತರು ಹತ್ತೊಂಬತ್ತನೆಯ ಶತಮಾನದಲ್ಲೇ ಇದನ್ನು ಗಮನಿಸಿದ್ದರು. ನಮ್ಮ ಕಾರ್ಖಾನೆಗಳ ವಾರ್ಷಿಕ ವರದಿಗಳು ಇನ್ನೂ ಗಮನಿಸಿಲ್ಲ.

ನಿಗಾ ಎಂದರೆ ಏನು, ಏನಲ್ಲ ಎಂಬುದನ್ನೂ ಹೇಳಬೇಕು. ವರ್ಷಕ್ಕೊಮ್ಮೆ ಕಾರ್ಖಾನೆಯ ಅಂಗಳದಲ್ಲಿ ಶಾಮಿಯಾನ ಹಾಕಿ, ಎಲ್ಲರ ತೂಕ, ಬಿಪಿ, ಶುಗರ್ ನೋಡಿ, ಫೋಟೋ ತೆಗೆಸಿಕೊಂಡು ಹೋಗುವುದು ಆರೋಗ್ಯ ಶಿಬಿರ. ಅದರಿಂದ ಕೆಡುಕಿಲ್ಲ. ಆದರೆ ಗ್ರ್ಯಾನೈಟ್ ಪಾಲಿಶ್ ಮಾಡುವವನಿಗೂ, ಬ್ಯಾಟರಿಯ ಸೀಸ ಕರಗಿಸುವವನಿಗೂ, ದಿನವಿಡೀ ಬಾಗಿ ಕೂತು ಶರ್ಟಿನ ಕಾಲರ್ ಹೊಲಿಯುವ ಹೆಣ್ಣುಮಗಳಿಗೂ ಒಂದೇ ಪರೀಕ್ಷೆ ಮಾಡಿದರೆ ಅವರ ಕೆಲಸ ಅವರಿಗೆ ಏನು ಮಾಡುತ್ತಿದೆ ಎಂಬುದು ತಿಳಿಯುವುದಿಲ್ಲ. ಅಪಾಯ ಯಾವುದೋ ಪರೀಕ್ಷೆ ಅದರದೇ ಆಗಿರಬೇಕು. ದೂಳಿನವನಿಗೆ ಎದೆಯ ಎಕ್ಸ್‌ರೇ ಮತ್ತು ಊದಿಸಿ ನೋಡುವ ಶ್ವಾಸಪರೀಕ್ಷೆ. ಸೀಸದವನಿಗೆ ರಕ್ತದಲ್ಲಿನ ಸೀಸದ ಪ್ರಮಾಣ. ಮಗ್ಗದ, ಪ್ರೆಸ್ಸಿನ ಸದ್ದಿನಲ್ಲಿರುವವನಿಗೆ ಕಿವಿಯ ಪರೀಕ್ಷೆ. ಸದ್ದಿನ ಪೆಟ್ಟು ಮೊದಲು ಬೀಳುವುದು ನಾಲ್ಕು ಸಾವಿರ ಹರ್ಟ್ಜ್ ಆಸುಪಾಸಿನ ಧ್ವನಿಗೆ, ಮಾತು ಕೇಳಿಸುತ್ತಲೇ ಇರುವುದರಿಂದ ಅವನಿಗೇ ಅದು ಗೊತ್ತಾಗುವುದಿಲ್ಲ. ಹೊಲಿಗೆಯವಳಿಗೆ ಯಂತ್ರವೇ ಬೇಡ: ಬೆನ್ನು, ಕುತ್ತಿಗೆ, ಮಣಿಕಟ್ಟು ಎಲ್ಲಿ ನೋಯುತ್ತದೆ, ಪಾಳಿ ಮುಗಿಯುವ ಹೊತ್ತಿಗೆ ಎಷ್ಟಾಗುತ್ತದೆ ಎಂದು ಕೂರಿಸಿಕೊಂಡು ಕೇಳಿದರೆ ಅರ್ಧ ಕೆಲಸ ಮುಗಿಯಿತು.

ಕೆಲಸಕ್ಕೆ ಸೇರುವ ಮುನ್ನವೇ ಮೊದಲ ಪರೀಕ್ಷೆ ಆಗಿರಬೇಕು. ಕೀಟನಾಶಕ ಸಿಂಪಡಿಸುವವರ ರಕ್ತದಲ್ಲಿ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವನ್ನು ಅಳೆಯುತ್ತಾರೆ. ಸಹಜ ಆರೋಗ್ಯದಲ್ಲಿಯೇ ಅದರ ಮಟ್ಟ ಒಬ್ಬರಿಂದ ಒಬ್ಬರಿಗೆ ಬಹಳ ವ್ಯತ್ಯಾಸವಾಗುತ್ತದೆ. ಸಿಂಪಡಣೆಯ ಹಂಗಾಮಿಗೆ ಮುಂಚೆ ಅವನ ಮಟ್ಟ ಎಷ್ಟಿತ್ತು ಎಂದು ಗೊತ್ತಿದ್ದರೆ ಮಾತ್ರ ಆಮೇಲಿನ ಕುಸಿತಕ್ಕೆ ಅರ್ಥ. ಎಕ್ಸ್‌ರೇ ಓದುವುದಕ್ಕೂ ಶಿಸ್ತಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮಾದರಿ ಎಕ್ಸ್‌ರೇಗಳನ್ನು ಸಿದ್ಧಪಡಿಸಿದೆ. ಕಾರ್ಮಿಕನ ಎಕ್ಸ್‌ರೇಯನ್ನು ಅವುಗಳ ಪಕ್ಕದಲ್ಲಿಟ್ಟು ಹೋಲಿಸಿ, ಹನ್ನೆರಡು ಮೆಟ್ಟಿಲುಗಳ ಅಳತೆಯಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ಗುರುತಿಸಬೇಕು. ಹೀಗೆ ಓದಲು ತರಬೇತಿ ಪಡೆದವರು ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ವಿರಳ. ಓದಲು ಬಾರದವರು ಬರೆಯುವುದು ಒಂದೇ ಪದ: ಟಿಬಿ. ಸಿಲಿಕಾ ದೂಳು ಕುಡಿದ ಎದೆಗೆ ಟಿಬಿ ತಗಲುವ ಸಾಧ್ಯತೆ ನಿಜಕ್ಕೂ ಹೆಚ್ಚು, ಹಾಗಾಗಿ ಆ ಪದ ಪೂರ್ತಿ ತಪ್ಪಾಗಿರುವುದೂ ಇಲ್ಲ. ಟಿಬಿ ಎಂದಾದರೆ ಅದು ರೋಗಾಣುವಿನ ತಪ್ಪು. ಸಿಲಿಕೋಸಿಸ್ ಎಂದಾದರೆ ಮಾಲೀಕನ ತಪ್ಪು. ಈ ಎರಡರ ನಡುವಿನ ಆಯ್ಕೆ ಕೇವಲ ವೈದ್ಯಕೀಯವೆಂದು ನಂಬುವಷ್ಟು ಮುಗ್ಧ ನಾನಲ್ಲ.

ಎಣಿಕೆಯಿಂದ ಜಾರಿಹೋದವರ ಸ್ಥಿತಿ ಏನಾಗುತ್ತದೆ ಎಂಬುದನ್ನು ಗುಜರಾತಿನ ಗೋಧ್ರಾ ಬಳಿಯ ಬೆಣಚುಕಲ್ಲು ಪುಡಿಮಾಡುವ ಕಾರ್ಖಾನೆಗಳು ತೋರಿಸಿವೆ. ಅಲ್ಲಿ ದುಡಿಯಲು ಹೋದವರು ಪಕ್ಕದ ಮಧ್ಯಪ್ರದೇಶದ ಆಲಿರಾಜಪುರ, ಝಾಬುವಾ, ಧಾರ್ ಜಿಲ್ಲೆಗಳ ಆದಿವಾಸಿಗಳು. ಮಳೆ ಕೈಕೊಟ್ಟಾಗ ಹೋಗಿ ಕೆಲವು ತಿಂಗಳು, ಒಂದೆರಡು ವರ್ಷ ದುಡಿದು ವಾಪಸು ಬಂದವರು. ಕಾಯಿಲೆ ಬಂದದ್ದು ಊರಿಗೆ ಮರಳಿದ ಮೇಲೆ, ಸತ್ತದ್ದೂ ಊರಿನಲ್ಲೇ. ಕಾರ್ಖಾನೆ ಒಂದು ರಾಜ್ಯದಲ್ಲಿ, ಸ್ಮಶಾನ ಇನ್ನೊಂದು ರಾಜ್ಯದಲ್ಲಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದವರೆಗೆ, ಅಲ್ಲಿಂದ ಸುಪ್ರೀಂ ಕೋರ್ಟಿನವರೆಗೆ ಹೋರಾಟ ನಡೆದು, 2016ರಲ್ಲಿ ಸತ್ತ 238 ಜನರ ಕುಟುಂಬಗಳಿಗೆ ತಲಾ ಮೂರು ಲಕ್ಷ ರೂಪಾಯಿ ಕೊಡುವಂತೆ ಗುಜರಾತ್ ಸರ್ಕಾರಕ್ಕೆ ಕೋರ್ಟು ಹೇಳಿತು. ಈ ಸಾವುಗಳು ಲೆಕ್ಕಕ್ಕೆ ಬಂದದ್ದು ಊರೂರು ತಿರುಗಿ ಮನೆ ಬಾಗಿಲಲ್ಲಿ ಪಟ್ಟಿ ಮಾಡಿದವರಿಂದ.

ರಾಯಚೂರು, ಯಾದಗಿರಿ, ಕೊಪ್ಪಳದಿಂದ ಬೆಂಗಳೂರಿಗೆ ಗುಳೆ ಬರುವವರ ಬದುಕೂ ಹೀಗೆಯೇ ಅಲ್ಲವೇ? ಕಟ್ಟಡದಲ್ಲಿ ಟೈಲ್ಸ್ ಕತ್ತರಿಸುವ ಹುಡುಗನನ್ನು ನೋಡಿ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿರುತ್ತಾನೆ. ನಾನು ಹೇಳಿದ ಸೂಕ್ಷ್ಮ ಕಣಕ್ಕೆ ಆ ಬಟ್ಟೆ ಲೆಕ್ಕಕ್ಕೇ ಇಲ್ಲ. ಮೇಸ್ತ್ರಿಯ ನೋಟ್‌ಬುಕ್ಕಿನಲ್ಲಿ ಅವನ ಹೆಸರಿರುತ್ತದೆ, ಬಿಲ್ಡರನ ಕಡತದಲ್ಲಿ ಇರುವುದಿಲ್ಲ. ಹತ್ತು ವರ್ಷದ ಮೇಲೆ ಅವನು ಸಿಂಧನೂರಿನ ಆಸ್ಪತ್ರೆಯಲ್ಲಿ ಕೆಮ್ಮುತ್ತಾ ನಿಂತಾಗ ಆ ಕೆಮ್ಮಿಗೂ ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ನೆಲಕ್ಕೂ ನಂಟು ಕಟ್ಟುವವರು ಯಾರು?

ಕಾನೂನು ಈ ಪ್ರಶ್ನೆಯನ್ನು ಯೋಚಿಸಿಯೇ ಇಲ್ಲ ಎಂದರೆ ಅನ್ಯಾಯವಾದೀತು. ಭೋಪಾಲ್ ದುರಂತದ ನಂತರ, 1987ರಲ್ಲಿ, 1948ರ ಕಾರ್ಖಾನೆ ಕಾಯ್ದೆಗೆ ಸೇರಿಸಿದ 41-ಸಿ ಸೆಕ್ಷನ್ ಬಹಳ ಒಳ್ಳೆಯದಾಗಿತ್ತು. ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗಳು ಕಾರ್ಮಿಕರ ಆರೋಗ್ಯ ದಾಖಲೆ ಇಡಬೇಕು, ಅದು ಕಾರ್ಮಿಕನ ಕೈಗೆ ಸಿಗುವಂತಿರಬೇಕು. ಆ ಕೆಲಸಕ್ಕೆ ಹಾಕುವ ಮೊದಲು, ಕೆಲಸದಲ್ಲಿರುವಾಗ, ಆ ಕೆಲಸ ಬಿಟ್ಟ ಮೇಲೂ ಹನ್ನೆರಡು ತಿಂಗಳು ಮೀರದ ಅಂತರದಲ್ಲಿ ಪರೀಕ್ಷೆ ಮಾಡಿಸಬೇಕು ಎಂದು ಅದು ಹೇಳಿತ್ತು. ಬಿಟ್ಟ ಮೇಲೂ! ಈ ಎರಡು ಪದ ಬರೆದ ಕರಡುಗಾರ ಯಾರೋ, ಅವರಿಗೆ ಕಾಯಿಲೆಯ ಸ್ವಭಾವ ಗೊತ್ತಿತ್ತು. ಎಂಟು ವರ್ಷದ ಮೇಲೆ, 1995ರಲ್ಲಿ, ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ದುಡಿಯುವವನ ಆರೋಗ್ಯ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದಿತು. ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಲ್ಲಿಯವರೆಗೆ ಕಾಪಾಡಬೇಕೆಂದು ಆದೇಶಿಸಿತು. ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ 40 ವರ್ಷ ಬಾಳುವ ಶೆಡ್ಡುಗಳೇ ಕಡಿಮೆ. ಅವುಗಳ ಕಪಾಟಿನ ಕಾಗದ ಅಷ್ಟು ಕಾಲ ಬಾಳುತ್ತದೆಂದು ನಂಬುವುದು ಹೇಗೆ? ದಾಖಲೆ ಮಾಲೀಕನ ಬಳಿ ಇರುವವರೆಗೂ ಈ ಆದೇಶ ಕಾಗದದ ಮೇಲೇ ಉಳಿಯುತ್ತದೆ.

ಕೋಲಾರಕ್ಕೆ ಮತ್ತೆ ಬಂದರೆ, 1972ರಿಂದ ಭಾರತ್ ಗೋಲ್ಡ್ ಮೈನ್ಸ್ ಆಗಿದ್ದ ಕಂಪನಿ 2001ರ ಫೆಬ್ರವರಿ 28ರಂದು ಮುಚ್ಚಿತು. ಗಣಿ ನಿಯಮಗಳ ಪ್ರಕಾರ ಐದು ವರ್ಷಕ್ಕೊಮ್ಮೆ ತಪಾಸಣೆ ಆಗಬೇಕಿತ್ತು; ಆದರೆ ಅದು ಕೆಲಸದಲ್ಲಿರುವವರನ್ನು ಮನಸ್ಸಿನಲ್ಲಿಟ್ಟು ಬರೆದ ನಿಯಮ. ಮಾಲೀಕನೇ ಇಲ್ಲದ ಮೇಲೆ ತಪಾಸಣೆ ಮಾಡಿಸಬೇಕಾದವರು ಯಾರು? ಕೊನೆಯ ಪಾಳಿಯಲ್ಲಿ ಮೇಲೆ ಬಂದ ಮೂವತ್ತರ ಹರೆಯದವರಿಗೆ ಈಗ ಅರವತ್ತರ ಹತ್ತಿರ. ಸಿಲಿಕೋಸಿಸ್ ತನ್ನ ಕೆಲಸವನ್ನು ಮಾಡಿ ಮುಗಿಸುವ ವಯಸ್ಸು ಅದು. ಕೆಜಿಎಫ್‌ನ ಬಗ್ಗೆ ಇವತ್ತಿಗೂ ನಡೆಯುವ ಚರ್ಚೆ ಗುಡ್ಡ ಬಿದ್ದಿರುವ ಸೈನೈಡ್ ಮಣ್ಣಿನಲ್ಲಿ ಎಷ್ಟು ಚಿನ್ನ ಉಳಿದಿದೆ ಎಂಬುದರ ಸುತ್ತ.

ಈಗ ಹೊಸ ಕಾಲ ಬಂದಿದೆ. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ನಲವತ್ತು ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂಬುದನ್ನು ಅದರ ದೊಡ್ಡ ಕೊಡುಗೆಯೆಂದು ಹೇಳುತ್ತಿದ್ದಾರೆ. ಆಗಲಿ, ಒಳ್ಳೆಯದೇ. ಆದರೆ ನಲವತ್ತು ಎಂಬ ಗೆರೆ ಸಕ್ಕರೆ ಕಾಯಿಲೆಗೆ ಸರಿಹೊಂದೀತು. ಹದಿನೆಂಟರಲ್ಲಿ ಕಲ್ಲು ಕೊರೆಯಲು ನಿಂತವನಿಗೆ ನಲವತ್ತು ತುಂಬುವಷ್ಟರಲ್ಲಿ ಇಪ್ಪತ್ತೆರಡು ವರ್ಷದ ದೂಳು ಒಳಗಿರುತ್ತದೆ. ಅಪಾಯದ ಕೆಲಸಕ್ಕೆ ವಯಸ್ಸಿನ ಗೆರೆ ಬೇಡ, ಮೊದಲ ದಿನದ ಗೆರೆ ಬೇಕು. ಅದೂ ಅಲ್ಲದೆ, ಕಾರ್ಖಾನೆ ಎನಿಸಿಕೊಳ್ಳಲು ಬೇಕಾದ ಕಾರ್ಮಿಕರ ಸಂಖ್ಯೆ, ವಿದ್ಯುತ್ ಬಳಸುವ ಕಡೆ, 10ರಿಂದ 20ಕ್ಕೆ ಏರಿದೆ. ಪೀಣ್ಯದ ಗಲ್ಲಿಗಳಲ್ಲಿ ಒಂದು ಪವರ್ ಪ್ರೆಸ್, ಎರಡು ಲೇತ್ ಇಟ್ಟುಕೊಂಡ ಶೆಡ್ಡುಗಳನ್ನು ಬಲ್ಲವರಿಗೆ ಈ ಬದಲಾವಣೆಯಿಂದ ಯಾರು ಹೊರಗೆ ಬೀಳುತ್ತಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಪವರ್ ಪ್ರೆಸ್ ಎಂದಾಗ ಗಾಯಗಳ ಮಾತೂ ಬರುತ್ತದೆ. ಕಾಯಿಲೆಯ ಹಾಗೆ ಗಾಯ ಅಡಗಿರುವುದಿಲ್ಲ, ಬೆರಳು ಹೋದರೆ ಎಲ್ಲರಿಗೂ ಕಾಣುತ್ತದೆ ಎಂದುಕೊಳ್ಳುತ್ತೇವೆ. ಕಾಣುವುದೇ ಬೇರೆ, ದಾಖಲಾಗುವುದೇ ಬೇರೆ. 48 ಗಂಟೆಗಿಂತ ಹೆಚ್ಚು ಕಾಲ ಕೆಲಸ ಮಾಡಲಾಗದಂಥ ಗಾಯವಾದರೆ ಇಲಾಖೆಗೆ ತಿಳಿಸಬೇಕೆಂಬುದು ಹಳೆಯ ನಿಯಮ. ಹಾಗಾಗಿ ಕೈಗೆ ಬ್ಯಾಂಡೇಜು ಸುತ್ತಿಕೊಂಡವನನ್ನು ಮರುದಿನವೇ ಕರೆಸಿ ಸ್ಟೋರಿನಲ್ಲಿ ಸ್ಟೂಲಿನ ಮೇಲೆ ಕೂರಿಸಿದರೆ ಆಯಿತು, ಅವನು ಹಾಜರು. ಗೇಟಿನ ಬಳಿಯ ಹಲಗೆಯಲ್ಲಿ ಅಪಘಾತವಿಲ್ಲದ ದಿನಗಳ ಸಂಖ್ಯೆ ಏರುತ್ತಲೇ ಇರುತ್ತದೆ, ವರ್ಷದ ಕೊನೆಗೆ ಎಲ್ಲರಿಗೂ ಸ್ವೀಟ್ ಬಾಕ್ಸು. ಸೊನ್ನೆಗೆ ಬಹುಮಾನ ಕೊಡುವ ಕಡೆ ಸೊನ್ನೆಯೇ ಬರೆಯಲ್ಪಡುತ್ತದೆ. ನನ್ನನ್ನು ಕೇಳಿದರೆ, ಸಣ್ಣಪುಟ್ಟ ಗಾಯಗಳೂ ತಪ್ಪಿಹೋದ ಅನಾಹುತಗಳೂ ಹೆಚ್ಚು ಬರೆದಿರುವ ರಿಜಿಸ್ಟರೇ ಒಳ್ಳೆಯ ಕಾರ್ಖಾನೆಯ ಗುರುತು.

ರಿಜಿಸ್ಟರೇ ಇಲ್ಲದ ದುಡಿಮೆಯಂತೂ ಇನ್ನೂ ದೊಡ್ಡದು. ನಮ್ಮ ಮಲೆನಾಡು, ಕರಾವಳಿಯಲ್ಲಿ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡು ಹಾಸಿಗೆ ಹಿಡಿದ ಕೊನೆಗಾರರು ಎಷ್ಟೋ ಊರುಗಳಲ್ಲಿದ್ದಾರೆ. ಯಾವ ಇಲಾಖೆಯ ಯಾವ ಪುಸ್ತಕದಲ್ಲೂ ಅವರಿಗೆ ಕಾಲಂ ಇಲ್ಲ. ಈಚೆಗೆ ಕಾರ್ಬನ್ ಫೈಬರ್ ದೋಟಿ ಬಂದು, ನೆಲದ ಮೇಲೆ ನಿಂತೇ ಕೊನೆ ಇಳಿಸುವ, ಔಷಧಿ ಹೊಡೆಯುವ ಅನುಕೂಲವಾಗಿದೆ. ಅಪಾಯವನ್ನು ಮೂಲದಲ್ಲೇ ಕಿತ್ತುಹಾಕುವುದೆಂದರೆ ಇದು. ಆದರೆ ದೋಟಿಯಿಂದ ಎಷ್ಟು ಜೀವ ಉಳಿಯಿತು ಎಂದು ಹೇಳಲು ನಮ್ಮ ಬಳಿ ಮೊದಲಿನ ಲೆಕ್ಕವೇ ಇಲ್ಲ.

ಇನ್ನು ಕಾರ್ಮಿಕನ ಭಯದ ವಿಷಯ. ಪರೀಕ್ಷೆಯಲ್ಲಿ ದೋಷ ಕಂಡರೆ ಕೆಲಸ ಹೋಗುತ್ತದೆಂದಾದರೆ ಯಾರು ತಾನೇ ನಿಜ ಹೇಳುತ್ತಾರೆ? ಕೆಮ್ಮಿದೆಯಾ ಎಂದರೆ ಇಲ್ಲ ಸಾರ್ ಎನ್ನುತ್ತಾರೆ. ಹೊರಗೆ ಹೋಗಿ ಮರದ ಬುಡದಲ್ಲಿ ಕೆಮ್ಮುತ್ತಾರೆ. ಪರೀಕ್ಷೆಯ ವಿವರ ಕಾರ್ಮಿಕನಿಗೆ ಸೇರಿದ್ದು. ಮಾಲೀಕನಿಗೆ ತಿಳಿಯಬೇಕಾದದ್ದು ಈತ ಈ ಕೆಲಸಕ್ಕೆ ಯೋಗ್ಯನೇ, ಯಾವ ನಿರ್ಬಂಧ ಬೇಕು ಎಂಬಷ್ಟೇ. ದೋಷ ಕಂಡವನಿಗೆ ಸಂಬಳ ಕಡಿಮೆಯಾಗದ ಬೇರೆ ಕೆಲಸ ಸಿಗಬೇಕು. ಅದಕ್ಕಿಂತ ಮುಖ್ಯವಾಗಿ, ಒಬ್ಬನ ಎದೆಯಲ್ಲಿ ಕಲೆ ಕಂಡ ದಿನ ಅವನ ಪಕ್ಕ ನಿಂತು ದುಡಿಯುವವರೆಲ್ಲರ ಯಂತ್ರ, ನೀರು, ಗಾಳಿಯ ವ್ಯವಸ್ಥೆ ಪರಿಶೀಲನೆಯಾಗಬೇಕು. ರೋಗಿಯನ್ನು ತೆಗೆದು ಅದೇ ಜಾಗಕ್ಕೆ ಹೊಸಬನನ್ನು ನಿಲ್ಲಿಸಿದರೆ ಆ ನಿಗಾದಿಂದ ಪ್ರಯೋಜನ ಮಾಲೀಕನಿಗೆ ಮಾತ್ರ.

ಸರಿಯಾಗಿ ನೋಡಿದರೆ ಏನಾಗಬಲ್ಲದು ಎಂಬುದಕ್ಕೆ ಆಸ್ಟ್ರೇಲಿಯಾದ ಕಥೆ ಇದೆ. ಅಡುಗೆಮನೆಯ ಕಟ್ಟೆಗೆ ಹಾಕುವ ಕೃತಕ ಕ್ವಾರ್ಟ್ಜ್ ಹಲಗೆಯಲ್ಲಿ ಸಿಲಿಕಾ ಶೇಕಡ 90ನ್ನೂ ಮೀರಬಹುದು. ಅದನ್ನು ಒಣದಾಗಿ ಕತ್ತರಿಸುವ ಯುವಕರಲ್ಲಿ ಸಿಲಿಕೋಸಿಸ್ ಕಾಣಿಸಿಕೊಂಡಾಗ ಕ್ವೀನ್ಸ್‌ಲ್ಯಾಂಡ್ ರಾಜ್ಯ 2018ರಲ್ಲಿ ಆ ಕೆಲಸದವರ ತಪಾಸಣೆಗೆ ಇಳಿಯಿತು. ಸಿಕ್ಕ ಅಂಕಿ ದೇಶವನ್ನು ಬೆಚ್ಚಿಬೀಳಿಸಿತು. 2024ರ ಜುಲೈ 1ರಿಂದ ಆ ಹಲಗೆಯ ತಯಾರಿಕೆ, ಮಾರಾಟ, ಜೋಡಣೆಯನ್ನೇ ಅಲ್ಲಿ ನಿಷೇಧಿಸಿದರು. ಅದೇ ಬಗೆಯ ಹಲಗೆ ಬೆಂಗಳೂರಿನ ಹೊಸ ಮನೆಗಳಲ್ಲಿ ಈಗ ಅಂತಸ್ತಿನ ಗುರುತು. ಅದನ್ನು ಕತ್ತರಿಸುವ ಹುಡುಗರ ಎದೆಯನ್ನು ನಾವಿನ್ನೂ ನೋಡಬೇಕಾಗಿದೆ.

ನಮ್ಮ ದೇಶದಲ್ಲೂ ದಾರಿ ಇದೆ. ರಾಜಸ್ಥಾನ 2019ರಲ್ಲಿ ದೂಳಿನ ಕಾಯಿಲೆಗಳಿಗೆಂದೇ ಒಂದು ನೀತಿ ತಂದಿತು. ಅಲ್ಲಿ ಕಾರ್ಮಿಕ ತಾನೇ ಹೋಗಿ ಹೆಸರು ನೋಂದಾಯಿಸಬಹುದು, ಮಾಲೀಕ ಯಾರೆಂದು ಸಾಬೀತು ಮಾಡುತ್ತಾ ಕೂರಬೇಕಾಗಿಲ್ಲ. ಕಾಯಿಲೆ ದೃಢಪಟ್ಟರೆ ಮೂರು ಲಕ್ಷ ರೂಪಾಯಿ, ಸತ್ತರೆ ಕುಟುಂಬಕ್ಕೆ ಎರಡು ಲಕ್ಷ, ಜೊತೆಗೆ ಪಿಂಚಣಿ. ಹಣ ಸಿಗುವ ಕಡೆ ಸುಳ್ಳು ಅರ್ಜಿ, ದಲ್ಲಾಳಿ ಇರುವುದುಂಟು; ಆ ಕಾರಣಕ್ಕೆ ಯೋಜನೆಯೇ ಬೇಡವೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೋಲಾರದ ಮಾಜಿ ಗಣಿಗಾರರು, ಇಳಕಲ್ಲು ಚಾಮರಾಜನಗರದ ಗ್ರ್ಯಾನೈಟ್ ಕಾರ್ಮಿಕರು, ಗುಳೆ ಹೋದ ಕಟ್ಟಡ ಕಾರ್ಮಿಕರು ಇರುವ ಕರ್ನಾಟಕದಲ್ಲಿ ಇಂಥದೊಂದು ನೋಂದಣಿ ಕಾರ್ಖಾನೆಯ ಕಪಾಟಿನಲ್ಲಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಶುರುವಾಗಬೇಕು. ಬಂಡವಾಳವೇನೂ ದೊಡ್ಡದಲ್ಲ. ಇಟಲಿಯ ರಾಮಾಝಿನಿ ಎಂಬ ವೈದ್ಯ 1700ರಲ್ಲೇ ರೋಗಿಗೆ ಕೇಳುವ ಪ್ರಶ್ನೆಗಳ ಸಾಲಿಗೆ ನಿನ್ನ ಕಸುಬೇನು ಎಂಬುದನ್ನೂ ಸೇರಿಸಬೇಕೆಂದಿದ್ದ. ನಮ್ಮ ಹೊರರೋಗಿ ಚೀಟಿಯಲ್ಲಿ ಹೆಸರು, ವಯಸ್ಸು, ಊರಿನ ಕೆಳಗೆ ಒಂದು ಗೆರೆ ಜಾಗ ಬಿಟ್ಟು, ಈಗಿನ ಕಸುಬಿನ ಜೊತೆಗೆ ಹಿಂದೆ ಮಾಡಿದ ಕೆಲಸಗಳನ್ನೂ ಬರೆದುಕೊಂಡರೆ ನೋಂದಣಿಯ ಮೊದಲ ಪುಟ ಸಿದ್ಧವಾಗುತ್ತದೆ. ಈ ಸಭೆಯಲ್ಲಿರುವ ಕಿರಿಯ ವೈದ್ಯರು ಆದೇಶಕ್ಕೆ ಕಾಯದೆ ನಾಳೆಯಿಂದಲೇ ಇದನ್ನು ಮಾಡಬಹುದು.

ಉಳಿದವರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಗಣಿಯಲ್ಲೋ ಕಲ್ಲುಕೋರೆಯಲ್ಲೋ ಫೌಂಡ್ರಿಯಲ್ಲೋ ದುಡಿದ ಹಿರಿಯರಿದ್ದರೆ ಅವರ ಹಳೆಯ ಗುರುತಿನ ಚೀಟಿ, ಸಂಬಳದ ಚೀಟಿ, ಇಎಸ್‌ಐ ಕಾರ್ಡು, ಎದೆಯ ಎಕ್ಸ್‌ರೇಗಳನ್ನು ಹಬ್ಬಕ್ಕೆ ಮನೆ ಸ್ವಚ್ಛ ಮಾಡುವಾಗ ಎಸೆಯಬೇಡಿ. ಪರಿಹಾರದ ಅರ್ಜಿ ಹಾಕುವ ದಿನ ಬಂದರೆ ಅವರು ಎಲ್ಲಿ, ಎಷ್ಟು ವರ್ಷ ದುಡಿದರು ಎಂಬುದಕ್ಕೆ ಆ ಕಾಗದಗಳ ಹೊರತು ಬೇರೆ ಸಾಕ್ಷಿ ಸಿಗುವುದು ಕಷ್ಟ.